ಬಿಪಿ ಲೆಕ್ಕದಲ್ಲಿ ಒಲೆಯ ಹೊಗೆಗೂ ಅಂಕ ಬೇಕು



ರಾಜ್ಯ ಸರ್ಕಾರದ ‘ಗೃಹ ಆರೋಗ್ಯ’ ಯೋಜನೆ 2024ರ ಅಕ್ಟೋಬರ್‌ನಲ್ಲಿ ಕೋಲಾರ ಜಿಲ್ಲೆಯಲ್ಲಿ ಶುರುವಾಗಿ, ಆಮೇಲೆ ಉಳಿದ ಜಿಲ್ಲೆಗಳಿಗೂ ಬಂತು. 30 ವರ್ಷ ದಾಟಿದವರ ಬಿಪಿ, ಶುಗರ್ ಮನೆ ಬಾಗಿಲಲ್ಲೇ ಪರೀಕ್ಷೆಯಾಗುವುದು ದೊಡ್ಡ ಉಪಕಾರ. ಮಲೆನಾಡಿನ ಉಪಕೇಂದ್ರಗಳಲ್ಲಿ ಆರೋಗ್ಯ ಸಹಾಯಕಿಯಾಗಿ ಕೆಲಸ ಮಾಡಿ ನಿವೃತ್ತಳಾದ ನನಗೆ ಅದರ ಬೆಲೆ ಗೊತ್ತು. ಬಿಪಿ ಇದೆಯೆಂದೇ ತಿಳಿಯದೆ ಲಕ್ವ ಹೊಡೆದು ಮಲಗಿದವರನ್ನು ನೋಡಿದ್ದೇನೆ. ನನ್ನ ತಕರಾರು ಒಂದೇ. ಹೆಂಗಸರ ಬಿಪಿ ಏಕೆ ಏರಿದೆ ಎಂದು ವಿಚಾರಿಸುವಾಗ ಉಪ್ಪು, ಉಪ್ಪಿನಕಾಯಿ, ಹಪ್ಪಳ, ಬೊಜ್ಜು, ಟೆನ್ಷನ್ ಎಲ್ಲವೂ ಬರುತ್ತವೆ. ಆಕೆ ದಿನಾ ಮೂರ್ನಾಲ್ಕು ತಾಸು ಕೂರುವ ಒಲೆಯ ಹೊಗೆ ಮಾತ್ರ ಬರುವುದಿಲ್ಲ.

ಫಾರ್ಮಿನಲ್ಲಿ ಒಲೆಯ ಪ್ರಶ್ನೆಯೇ ಇಲ್ಲ ಎಂದಲ್ಲ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ತುಂಬುವ ‘ಸಿಬ್ಯಾಕ್’ ಫಾರ್ಮಿನ ಮೊದಲ ಭಾಗದಲ್ಲಿ ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ದೈಹಿಕ ಚಟುವಟಿಕೆ, ಮನೆತನದ ಕಾಯಿಲೆ ಇವುಗಳಿಗೆ ಅಂಕವಿದೆ. ಒಟ್ಟು 4 ದಾಟಿದರೆ ಅಂಥವರನ್ನು ಮೊದಲು ಪರೀಕ್ಷೆಗೆ ಕರೆಯಬೇಕು. ಅಡುಗೆಗೆ ಸೌದೆಯೋ, ಬೆಳೆಯ ಉಳಿಕೆಯೋ, ಬೆರಣಿಯೋ, ಕಲ್ಲಿದ್ದಲೋ, ಸೀಮೆಎಣ್ಣೆಯೋ, ಗ್ಯಾಸೋ ಎಂಬ ಪ್ರಶ್ನೆ ಬರುವುದು ಕೆಳಗೆ, ಶ್ವಾಸಕೋಶದ ಕಾಯಿಲೆಯ ತಲೆಬರಹದಡಿ. ಅದಕ್ಕೆ ಅಂಕವಿಲ್ಲ. ಬೀಡಿ ಸೇದುವ ಗಂಡನ ಹೊಗೆಗೆ ಅಂಕ ಬೀಳುತ್ತದೆ, ಅವನಿಗೆ ರೊಟ್ಟಿ ಸುಡುವ ಹೆಂಡತಿ ಕುಡಿಯುವ ಹೊಗೆಗೆ ಬೀಳುವುದಿಲ್ಲ. ಇದನ್ನು ಅನ್ಯಾಯ ಎಂದೇ ಕರೆಯುತ್ತೇನೆ.

ಹೊಗೆಯಿಂದ ಕೆಮ್ಮು, ದಮ್ಮು, ಕಣ್ಣುರಿ ಬರುತ್ತದೆಂದು ಎಲ್ಲರೂ ಒಪ್ಪುತ್ತಾರೆ. ಬಿಪಿಯ ಮಾತೆತ್ತಿದರೆ ಓದಿದವರೂ ಹುಬ್ಬೇರಿಸುತ್ತಾರೆ. ಸೌದೆಯ ಹೊಗೆಯಲ್ಲಿರುವ ಅತಿ ಸೂಕ್ಷ್ಮ ಕಣಗಳು, ಅಂದರೆ ಪಿಎಂ 2.5, ಶ್ವಾಸಕೋಶದ ಕಟ್ಟಕಡೆಯ ಗಾಳಿಚೀಲದವರೆಗೂ ಇಳಿಯುತ್ತವೆ. ಅವು ಅಲ್ಲಿ ತಾಗಿದೊಡನೆ ನರಗಳು ಕೆರಳಿ ರಕ್ತನಾಳಗಳು ಬಿಗಿಯುತ್ತವೆ. ಇದು ಆ ಹೊತ್ತಿನ ಪರಿಣಾಮ. ವರ್ಷಗಟ್ಟಲೆ ಹೀಗೇ ನಡೆದರೆ ರಕ್ತನಾಳದ ಒಳಗೋಡೆಯಲ್ಲಿ ಉರಿಯೂತ ಉಳಿದುಬಿಡುತ್ತದೆ, ನಾಳ ಗಡುಸಾಗುತ್ತದೆ, ಬಿಪಿ ಮೇಲೇ ನಿಲ್ಲುತ್ತದೆ. ಹೊರಗಿನ ಗಾಳಿಯಲ್ಲಿ ಈ ಕಣಗಳು 24 ಗಂಟೆಯ ಸರಾಸರಿಯಲ್ಲಿ ಘನ ಮೀಟರಿಗೆ 60 ಮೈಕ್ರೋಗ್ರಾಂ ಮೀರಬಾರದೆಂದು ನಮ್ಮ ದೇಶದ ಮಾನದಂಡ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹಾಕಿದ ಮಿತಿ 15. ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಹಸಿ ಸೌದೆ ಉರಿಯುವಾಗ ಇದು ಹಲವು ನೂರು ಮುಟ್ಟುತ್ತದೆ.

ಬಡತನ, ದುಡಿಮೆ, ಸರಿಯಿಲ್ಲದ ಊಟ ಎಲ್ಲವೂ ಸೌದೆ ಒಲೆಯ ಮನೆಯಲ್ಲೇ ಇರುತ್ತವೆ, ಹೊಗೆಯನ್ನೇ ಏಕೆ ದೂರುತ್ತೀರಿ ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ಇದಕ್ಕೆ ಉತ್ತರ ಗ್ವಾಟೆಮಾಲಾದ ಗುಡ್ಡಗಾಡಿನಲ್ಲಿ ಸಿಕ್ಕಿದೆ. 1980ರ ದಶಕದ ಆರಂಭದಲ್ಲೇ ಗುಜರಾತಿನ ಹಳ್ಳಿಗಳ ಅಡುಗೆ ಹೊಗೆಯನ್ನು ಅಳೆದಿದ್ದ ವಿಜ್ಞಾನಿ ಕರ್ಕ್ ಸ್ಮಿತ್ ಅವರ ತಂಡ ಅಲ್ಲಿ ಒಂದೇ ರೀತಿಯ ಮನೆಗಳಲ್ಲಿ ಚೀಟಿ ಎತ್ತಿದ ಹಾಗೆ ಕೆಲವನ್ನು ಆರಿಸಿ ಹೊಗೆ ಕೊಳವೆಯಿರುವ ಒಲೆ ಕೊಟ್ಟಿತು. ಉಳಿದವರು ಹಳೆಯ ಬಯಲು ಒಲೆಯಲ್ಲೇ ಮುಂದುವರಿದರು. 38 ವರ್ಷ ಮೀರಿದ ಹೆಂಗಸರ ಬಿಪಿ ಅಳೆದಾಗ, ಹೊಸ ಒಲೆಯವರಲ್ಲಿ ಮೇಲಿನ ಒತ್ತಡ ಸರಾಸರಿ 3.7, ಕೆಳಗಿನದು 3.0 ಕಡಿಮೆ ಇತ್ತು. 2007ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ನನ್ನ ಗಮನ ಸೆಳೆದದ್ದು ಇನ್ನೊಂದು ಸಂಗತಿ. ಹಳೆಯ ಒಲೆಯವರು ದಿನದ ಸರಾಸರಿಯಲ್ಲಿ ಘನ ಮೀಟರಿಗೆ 264 ಮೈಕ್ರೋಗ್ರಾಂ ಸೂಕ್ಷ್ಮ ಕಣಗಳಿಗೆ ಒಡ್ಡಿಕೊಂಡಿದ್ದರೆ ಹೊಸ ಒಲೆಯವರು 102ಕ್ಕೆ. ಅದೂ ನಮ್ಮ ಮಾನದಂಡಕ್ಕಿಂತ ಬಹಳ ಹೆಚ್ಚು. ಗಾಳಿ ಅರೆಬರೆ ಶುದ್ಧವಾದರೂ ಬಿಪಿ ಇಳಿದಿತ್ತು.

ಮೂರು ನಾಲ್ಕು ಅಂಕ ಇಳಿದರೆ ಏನಾಯಿತು ಎನ್ನಬೇಡಿ. ಒಬ್ಬಳಲ್ಲಿ ಅದು ಕಾಣಿಸದಿರಬಹುದು. ಆದರೆ ನಡುವಯಸ್ಸಿನವರ ಮೇಲಿನ ಒತ್ತಡ ಸರಾಸರಿ 2 ಅಂಕ ಕಡಿಮೆಯಿದ್ದರೂ ಪಾರ್ಶ್ವವಾಯುವಿನ ಸಾವು ಶೇ 10ರಷ್ಟು ಕಡಿಮೆ ಎಂದು ಲಕ್ಷಾಂತರ ಜನರ ದಾಖಲೆಗಳಿಂದ ಕಂಡುಕೊಂಡಿದ್ದಾರೆ.

ಎಲ್ಲ ಪ್ರಯೋಗಗಳೂ ಇದೇ ಫಲ ಕೊಟ್ಟಿಲ್ಲ. ತಮಿಳುನಾಡು, ಗ್ವಾಟೆಮಾಲಾ, ಪೆರು, ರುವಾಂಡಾಗಳಲ್ಲಿ ಗರ್ಭಿಣಿಯರಿಗೆ ಪುಕ್ಕಟೆ ಗ್ಯಾಸ್ ಕೊಟ್ಟು ನಡೆಸಿದ ಹ್ಯಾಪಿನ್ ಪ್ರಯೋಗದಲ್ಲಿ ಬಸಿರಿನ ಅವಧಿಯ ಬಿಪಿ ಇಳಿಯಲಿಲ್ಲ. ಇದನ್ನು ಮುಚ್ಚಿಟ್ಟು ವಾದ ಮಾಡುವುದು ತಪ್ಪು. ಆದರೆ ಅವರೆಲ್ಲ 35ರೊಳಗಿನವರು, ಬಸಿರಿನಲ್ಲಿ ಬಿಪಿ ಅಳೆಯುವ ಹೊತ್ತಿಗೆ ಗ್ಯಾಸ್ ಸಿಕ್ಕಿ ಕೆಲವೇ ತಿಂಗಳಾಗಿತ್ತು. ಚೀನಾದ ಯುನ್ನಾನ್ ಹಳ್ಳಿಗಳ ಅಧ್ಯಯನದಲ್ಲಿ ಹೊಗೆಗೂ ಬಿಪಿಗೂ ಇರುವ ನಂಟು ಹೆಚ್ಚು ಬಲವಾಗಿ ಕಂಡದ್ದು 50 ದಾಟಿದವರಲ್ಲಿ. ನಮ್ಮ ಯೋಜನೆಯಲ್ಲಿ ಬಿಪಿ ನೋಡುವುದೂ 30 ಮೇಲ್ಪಟ್ಟವರದ್ದೇ ಅಲ್ಲವೇ?

ಎಲ್ಲರ ಮನೆಗೂ ಗ್ಯಾಸ್ ಬಂದಾಯಿತು, ಇನ್ನೆಲ್ಲಿಯ ಹೊಗೆ ಎನ್ನುವವರಿಗೂ ಉತ್ತರ ಹೇಳಬೇಕು. 2016ರ ಉಜ್ವಲ, ಅದರ ಹಿಂದೆಯೇ ಬಂದ ನಮ್ಮ ರಾಜ್ಯದ ಅನಿಲ ಭಾಗ್ಯ, ಎರಡೂ ಲಕ್ಷಾಂತರ ಮನೆಗಳಿಗೆ ಸಿಲಿಂಡರ್ ಮುಟ್ಟಿಸಿದವು. ಕರ್ನಾಟಕದಲ್ಲಿ ಶುದ್ಧ ಇಂಧನ ಬಳಸುವ ಮನೆಗಳು 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ 55ರಷ್ಟಿದ್ದವು, ಮುಂದಿನ ಸಮೀಕ್ಷೆಗೆ ಶೇ 80ರ ಹತ್ತಿರ ಬಂದವು. ಸಣ್ಣ ಸಾಧನೆಯಲ್ಲ. ಆದರೆ ಸಮೀಕ್ಷೆ ಕೇಳುವುದು ಮುಖ್ಯವಾಗಿ ಯಾವುದರಲ್ಲಿ ಅಡುಗೆ ಮಾಡುತ್ತೀರಿ ಎಂದು. ಗ್ಯಾಸ್ ಪಕ್ಕದಲ್ಲೇ ಉರಿಯುವ ಎರಡನೆಯ ಒಲೆ ಆ ಲೆಕ್ಕಕ್ಕೆ ಸಿಗುವುದಿಲ್ಲ. ಚಹಾ, ಒಗ್ಗರಣೆ, ನೆಂಟರು ಬಂದಾಗಿನ ತಿಂಡಿ ಗ್ಯಾಸಿನಲ್ಲಿ. ಅನ್ನ, ಮುದ್ದೆ, ರೊಟ್ಟಿ, ದನದ ಕಲಗಚ್ಚು ಸೌದೆಯಲ್ಲಿ. ಉಜ್ವಲ ಮನೆಯವರು ವರ್ಷಕ್ಕೆ ಸರಾಸರಿ ತುಂಬಿಸಿಕೊಳ್ಳುವುದು 4ರ ಆಸುಪಾಸು ಸಿಲಿಂಡರ್. ಐದಾರು ಮಂದಿಯ ಅಡುಗೆ ಪೂರ್ತಿ ಗ್ಯಾಸಿನಲ್ಲಾಗಬೇಕಾದರೆ ಅದು ಸಾಲದು. ಸಬ್ಸಿಡಿ ಇದೆ, ನಿಜ. ಆದರೆ ಪೂರ್ತಿ ಹಣ ಮೊದಲು ಕೈಯಿಂದ ಕೊಡಬೇಕು, ಸಬ್ಸಿಡಿ ಆಮೇಲೆ ಬ್ಯಾಂಕಿಗೆ ಬರುತ್ತದೆ. ವಾರದ ಬಟವಾಡೆಯಲ್ಲಿ ಸಂಸಾರ ನಡೆಸುವವಳ ಹತ್ತಿರ ಒಮ್ಮೆಗೇ ಅಷ್ಟು ದುಡ್ಡು ಎಲ್ಲಿಂದ ಬರಬೇಕು? ಸೌದೆಗಾದರೆ ಮೈ ಬಗ್ಗಿಸಿದರೆ ಸಾಕು.

ಇನ್ನು ಬಚ್ಚಲೊಲೆ. ಮಲೆನಾಡು, ಕರಾವಳಿಯಲ್ಲಿ ಗ್ಯಾಸಿರುವ, ಮಿಕ್ಸಿ, ಫ್ರಿಜ್ ಇರುವ ಮನೆಯಲ್ಲೂ ಸ್ನಾನದ ನೀರು ಕಾಯುವುದು ಹಂಡೆಯ ಕೆಳಗಿನ ಬೆಂಕಿಯಲ್ಲೇ. ಮಳೆಗಾಲದ ನಾಲ್ಕು ತಿಂಗಳು ಸೋಲಾರ್ ನಂಬಿ ಕೂರುವಂತಿಲ್ಲ, ಕರೆಂಟು ಹೇಳಿ ಹೋಗುವುದಿಲ್ಲ. ಮಟ್ಟೆ, ಕರಟ, ಅಡಿಕೆ ಸಿಪ್ಪೆ, ಒದ್ದೆ ಸೌದೆ ಎಲ್ಲ ಆ ಒಲೆಗೇ ಹೋಗುತ್ತದೆ. ಬೇಗ ಹತ್ತಲೆಂದು ಪ್ಲಾಸ್ಟಿಕ್ ಕವರ್ ತುರುಕುವವರೂ ಇದ್ದಾರೆ, ಇದನ್ನು ದಯವಿಟ್ಟು ನಿಲ್ಲಿಸಿ. ಬೆಳಗಿನ ಜಾವ ಎಲ್ಲರಿಗಿಂತ ಮೊದಲೆದ್ದು ಊದುಗೊಳವೆ ಹಿಡಿದು ಆ ಹೊಗೆಗೆ ಮುಖ ಕೊಡುವವಳು ಮನೆಯ ಹಿರಿಯ ಹೆಂಗಸು. ಬಿಪಿಯ ಭಯ ಹೆಚ್ಚಿರುವುದೂ ಅವಳಿಗೇ. ಫಾರ್ಮಿನಲ್ಲಿ ಅಡುಗೆ ಇಂಧನ ಗ್ಯಾಸ್ ಎಂದು ಬರೆದುಕೊಂಡು ಆಶಾ ಮುಂದಿನ ಮನೆಗೆ ಹೋಗುತ್ತಾಳೆ. ತಪ್ಪು ಆಶಾದಲ್ಲ, ಪ್ರಶ್ನೆಯದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಮೂರು ಪಾತ್ರೆಯ, ಹೊಗೆ ಕೊಳವೆಯ ‘ಅಸ್ತ್ರ ಒಲೆ’ ಒಂದು ಕಾಲಕ್ಕೆ ನಮ್ಮ ಹಳ್ಳಿಗಳಲ್ಲಿ ಮನೆಮಾತಾಗಿತ್ತು. ಕೇಂದ್ರದ ಸುಧಾರಿತ ಒಲೆ ಕಾರ್ಯಕ್ರಮ 2002ರಲ್ಲಿ ನಿಂತಿತು. ಕೊಳವೆ ತೂತಾದ ಮೇಲೆ ರಿಪೇರಿ ಮಾಡಿಕೊಡುವವರು ನಮ್ಮೂರ ಕಡೆ ಸಿಗಲಿಲ್ಲ. ಗ್ಯಾಸಿನ ಕಾಲದಲ್ಲಿ ಸೌದೆ ಒಲೆಯ ಸುಧಾರಣೆ ಏಕೆಂದು ಅಧಿಕಾರಿಗಳು ಕೇಳಬಹುದು. ಸ್ನಾನದ ನೀರು ಗ್ಯಾಸಿಗೆ ಬರುವವರೆಗೆ ಬೇಕು.

ಆರೋಗ್ಯ ಇಲಾಖೆಯಲ್ಲಿ ನನ್ನ ಮನವಿ ಇಷ್ಟು. ಸಿಬ್ಯಾಕ್ ಕೇಂದ್ರದ ನಮೂನೆ, ಆದ್ದರಿಂದ ಅಂಕ ಸೇರಿಸಲು ಕೇಂದ್ರಕ್ಕೆ ಬರೆಯಲಿ. ಅಲ್ಲಿಂದ ಉತ್ತರ ಬರುವವರೆಗೆ ಕಾಯದೆ ಒಂದು ಸುತ್ತೋಲೆ ಹೊರಡಿಸಿ, ಮನೆಯಲ್ಲಿ ಉರಿಯುವ ಎಲ್ಲ ಒಲೆಗಳನ್ನೂ, ಬಚ್ಚಲಿನದ್ದನ್ನೂ ಸೇರಿಸಿ, ಕೇಳುವಂತೆ ಆಶಾಗಳಿಗೆ ತಿಳಿಸಲಿ. ಒಲೆ ಮುಂದಿನಿಂದ ಎದ್ದು ಬಂದವಳ ತೋಳಿಗೆ ಪಟ್ಟಿ ಸುತ್ತುವ ಮೊದಲು ಅರ್ಧ ತಾಸು ಕೂರಿಸಲಿ. ಬಿಪಿ ಇದ್ದು ಸೌದೆಯನ್ನೇ ನೆಚ್ಚಿರುವ ಮನೆಗಳ ಪಟ್ಟಿ ಆಹಾರ ಇಲಾಖೆಗೆ ಹೋಗಿ, ಅಂಥವರಿಗೆ ಸಬ್ಸಿಡಿ ಕಳೆದ ಬೆಲೆಗೇ ಸಿಲಿಂಡರ್ ಸಿಗಲಿ, ಇಲ್ಲವೇ 5 ಕೆ.ಜಿ.ಯ ಸಣ್ಣ ಸಿಲಿಂಡರ್ ಹಳ್ಳಿ ಅಂಗಡಿಯಲ್ಲೇ ದೊರೆಯಲಿ. ಪಂಚಾಯಿತಿಗಳು ಹೊಗೆ ಕೊಳವೆ ಹಾಕಿಸಲು, ಬಚ್ಚಲೊಲೆಯ ಬಾಯನ್ನು ಗೋಡೆಯ ಹೊರಗೆ ತೆಗೆಯಲು ಸಹಾಯ ಮಾಡಲಿ. ಬಿಪಿ ಮಾತ್ರೆಯನ್ನು ಮನೆಗೇ ತಲುಪಿಸಲು ಮುಂದಾಗಿರುವ ಸರ್ಕಾರಕ್ಕೆ ಇದು ಭಾರವಾಗಲಾರದು.

ಬಿಪಿ ಮಾತ್ರೆ ನುಂಗುತ್ತಿರುವ ತಾಯಂದಿರಲ್ಲೂ ಒಂದು ಮಾತು: ಮಾತ್ರೆ ಬಿಡಬೇಡಿ, ಮುಂದಿನ ಸಲ ಡಾಕ್ಟರ ಬಳಿ ಹೋದಾಗ ನಿಮ್ಮ ಮನೆಯಲ್ಲಿ ಉರಿಯುವುದು ಯಾವ ಒಲೆ ಎಂಬುದನ್ನೂ ಅವರಿಗೆ ಹೇಳಿ.

ಇತಿ,
ನಿವೃತ್ತ ಆರೋಗ್ಯ ಸಹಾಯಕಿ,
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ