ಗಾಡಿಯ ಒಳಮೈಗೆ ಬಣ್ಣ

ಕಳೆದ ಸಂಚಿಕೆಯಲ್ಲಿ ಮಾಳಿಗೆಯ ಮೇಲಣ ಮಣ್ಣನ್ನು ಮಳೆಗಾಲಕ್ಕೆ ಮುಂಚಿತವಾಗಿ ಸರಿಪಡಿಸಿಕೊಳ್ಳುವ ಬಗೆಯನ್ನು ಬರೆದಿದ್ದೆವು. ಈ ಸಲ ಮನೆಯನ್ನು ಬಿಟ್ಟು, ಮನೆಯ ಮುಂದೆ ಬೇವಿನ ನೆಳಲಿನಲ್ಲಿ ನಿಂತಿರುವ ಮೋಟಾರು ಗಾಡಿಯ ವಿಚಾರವನ್ನು ಎತ್ತಿಕೊಳ್ಳುತ್ತೇವೆ. ವಿಭಕ್ತಿ ಪ್ರತ್ಯಯಗಳನ್ನು ಹೇಳಿಕೊಡುತ್ತ ಮೂವತ್ತು ವರ್ಷ ಕಳೆದ ಉಪಾಧ್ಯಾಯರಿಗೆ ಗಾಡಿಯ ಗೊಡವೆ ಏಕೆಂದು ವಾಚಕರಲ್ಲಿ ಕೆಲವರು ನಗಬಹುದು. ನಗಲಿ. ಈ ಕೆಲಸದಲ್ಲಿ ನಾವು ಒಂದು ದೊಡ್ಡ ತಪ್ಪನ್ನು ಮಾಡಿದೆವು. ಅಂಥದು ಇನ್ನೊಬ್ಬರ ಮನೆಯಲ್ಲಿ ನಡೆಯಬಾರದೆಂಬುದೇ ಈ ಬರೆವಣಿಗೆಗೆ ಕಾರಣ.

ನಮ್ಮ ಸಿರಿಗೇರಿಯ ಕಡೆ ಕಾರೆಂಬುದು ಬರಿಯ ಸವಾರಿಯ ವಸ್ತುವಲ್ಲ. ಕಾಲುವೆಯ ಕೆಳಗೆ ಭತ್ತ ಬೆಳೆಯುವ ಗೃಹಸ್ಥನ ಮನೆಯಲ್ಲಿ ಅದು ಬಂಡಿಯ ತಮ್ಮನಿದ್ದಂತೆ. ಬೀಜದ ಚೀಲ, ಪಂಪಿನ ಬಿಡಿಭಾಗ, ಸಿರುಗುಪ್ಪದ ಪೇಟೆಯ ಸಾಮಾನು, ಬಳ್ಳಾರಿಯ ಆಸ್ಪತ್ರೆಗೆ ಹೋಗತಕ್ಕ ರೋಗಿ, ಇವೆಲ್ಲಕ್ಕೂ ಅದೇ ಗತಿ. ನಮ್ಮ ಮಗನು ಆರು ವರ್ಷಗಳ ಹಿಂದೆ ಒಬ್ಬರು ಬಳಸಿದ ಸಣ್ಣ ಗಾಡಿಯೊಂದನ್ನು ಕೊಂಡು ತಂದಾಗ ಅದರ ಒಳಮೈ ನುಣ್ಣಗೆ ಕಪ್ಪಾಗಿ ಹೊಳೆಯುತ್ತಿತ್ತು. ಈಗಲೋ, ಬಾಗಿಲಿನ ಒಳಹಲಗೆಗಳ ಮೇಲೆ ಚೀಲ ಹೊಲಿಯುವ ದಬ್ಬಳದ ಗೀರುಗಳು ಬೆಳ್ಳಗೆ ಎದ್ದು ಕಾಣುತ್ತಿದ್ದುವು. ಬಿಸಿಲಿಗೆ ಕೈಹಿಡಿಯ ಮೇಲಣ ರಬ್ಬರಿನಂಥ ಮೃದುಲೇಪ ಕರಗಿ ಬೆಲ್ಲದ ಪಾಕದಂತೆ ಬೆರಳಿಗೆ ಅಂಟುತ್ತಿತ್ತು. ಎಡಬಾಗಿಲಿನ ಹಿಡಿಯ ಸುತ್ತಲಿರುವ ಗೀರುಗಳು ನಮ್ಮ ಮನೆಯವರ ಬಳೆಗಳಿಂದಾದುವೆಂದು ನಮ್ಮ ವಾದ. ಅಲ್ಲ, ಅವು ನಮ್ಮ ಕೊಡೆಯ ತುದಿಯಿಂದಾದುವೆಂದು ಅವರ ವಾದ. ಆ ವ್ಯಾಜ್ಯ ಇನ್ನೂ ತೀರ್ಮಾನವಾಗಿಲ್ಲ.

ನಮ್ಮ ಸೊಸೆಯು ಗಾಡಿ ನಡೆಸುವುದನ್ನು ಕಲಿತು ಇನ್ನು ಮುಂದೆ ತಾನೇ ಪಾಠಶಾಲೆಗೆ ಹೋಗಿಬರುವುದೆಂದು ನಿಶ್ಚಯವಾದ ಮೇಲೆ, ಒಳಮೈಯನ್ನು ಸರಿಪಡಿಸಿ ಕೊಡುವ ಹಂಬಲ ನಮ್ಮಲ್ಲಿ ಹುಟ್ಟಿತು. ಹೊಸ ಹಲಗೆಗಳ ಬೆಲೆ ಕೇಳಿ ಮಗನು ಸುಮ್ಮನಾದನು. ಬಣ್ಣದ ಸಿಂಪಡಿಕೆ ಡಬ್ಬಿಯ ಬೆಲೆ ಕೇಳಿ ನಾವು ಉತ್ಸಾಹಗೊಂಡೆವು. ಹೀಗೆ ಆರಂಭವಾಯಿತು.

ಆಗ ಮಾರ್ಗಶಿರ ಮಾಸ. ಸುತ್ತಲೂ ಭತ್ತದ ಒಕ್ಕಲು. ಕೊಯ್ಲಿನ ಯಂತ್ರಗಳು ಎಬ್ಬಿಸುವ ಸುಂಕು ಊರ ಮೇಲೆ ಮಂಜಿನಂತೆ ಕವಿದಿತ್ತು. ಹಸಿ ಬಣ್ಣದ ಮೇಲೆ ಧೂಳು ಕೂಡುವುದೆಂದು ಹೆದರಿ, ಕಳಚಿದ ಹಲಗೆಗಳನ್ನು ಪಡಸಾಲೆಗೆ ತಂದು, ಬಾಗಿಲು ಕಿಟಕಿಗಳನ್ನು ಮುಚ್ಚಿಸಿ, ಮೂಗಿಗೆ ಪಂಚೆಯ ಸೆರಗು ಕಟ್ಟಿಕೊಂಡು ನಾವೇ ಬಣ್ಣ ಸಿಂಪಡಿಸಿದೆವು. ಕೆಲಸ ಚೆನ್ನಾಗಿ ಕಂಡಿತು. ಹಲಗೆಗಳನ್ನು ಅಲ್ಲಿಯೇ ಒಣಗಲು ಬಿಟ್ಟೆವು. ಪಕ್ಕದ ಕೋಣೆಯಲ್ಲಿ ಮಲಗುವ ಆರು ವರ್ಷದ ಮೊಮ್ಮಗನಿಗೆ ಚಳಿಗಾಲದಲ್ಲಿ ಗೂರಲಿನ ಕಾಟವಿರುವುದು ನಮಗೆ ಗೊತ್ತಿದ್ದ ಸಂಗತಿ. ಆದರೂ ಆ ಎರಡನ್ನೂ ಒಂದಾಗಿ ಯೋಚಿಸುವ ಬುದ್ಧಿ ನಮಗೆ ಬರಲಿಲ್ಲ.

ನಡುರಾತ್ರಿಯಲ್ಲಿ ಮಗುವಿಗೆ ಉಸಿರು ಕಟ್ಟಿತು. ಪಕ್ಕೆಗಳು ಒಳಕ್ಕೆ ಸೆಳೆಯುತ್ತಿದ್ದುವು, ಮಾತನಾಡಲು ಆಗುತ್ತಿರಲಿಲ್ಲ. ಒಳಹಲಗೆಗಳಿಲ್ಲದೆ ಬರಿಯ ತಗಡು ಕಾಣುತ್ತಿದ್ದ ಅದೇ ಗಾಡಿಯಲ್ಲಿ ಮಗುವನ್ನು ಕೂಡಿಸಿಕೊಂಡು ಮಗನೂ ಸೊಸೆಯೂ ಸಿರುಗುಪ್ಪಕ್ಕೆ ಓಡಿದರು. ವೈದ್ಯರು ಔಷಧವನ್ನು ಹೊಗೆಯಂತೆ ಮಾಡಿ ಮೂಗಿಗೆ ಕೊಟ್ಟ ಮೇಲೆ, ಬೆಳಗಿನ ಜಾವಕ್ಕೆ ಉಸಿರಾಟ ಹದಕ್ಕೆ ಬಂದಿತು. ಮನೆಯಲ್ಲಿ ಏನಾದರೂ ಬಣ್ಣ ಬಳಿದಿರಾ ಎಂದು ವೈದ್ಯರು ಕೇಳಿದರಂತೆ. ಮಗನು ಮರಳಿ ಬಂದು ನಮಗೆ ಒಂದು ಮಾತನ್ನೂ ಆಡಲಿಲ್ಲ. ಹಲಗೆಗಳನ್ನೆತ್ತಿ ಹಿತ್ತಲಿಗೆ ಇಟ್ಟನು. ಆತನು ಗದರಿದ್ದರೆ ನಮಗೆ ಹಗುರವಾಗುತ್ತಿತ್ತು.

ಆದುದರಿಂದ ಗೃಹಸ್ಥರಿಗೂ ಗೃಹಿಣಿಯರಿಗೂ ಮೊದಲು ತಿಳಿಸತಕ್ಕ ಮಾತು ಇದು. ಸಿಂಪಡಿಕೆ ಬಣ್ಣದಲ್ಲಿ ವರ್ಣದ್ರವ್ಯಕ್ಕಿಂತ ಅದನ್ನು ತೆಳ್ಳಗೆ ಮಾಡುವ ದ್ರಾವಕಗಳೇ ಹೆಚ್ಚು. ಅವು ಆವಿಯಾಗಿ ಗಂಟೆಗಟ್ಟಲೆ, ಕೆಲವು ವೇಳೆ ದಿನಗಟ್ಟಲೆ, ಹೊರಬೀಳುತ್ತಲೇ ಇರುವುವು. ಬಟ್ಟೆ ಧೂಳನ್ನು ತಡೆಯುವುದೇ ಹೊರತು ಆವಿಯನ್ನು ತಡೆಯಲಾರದು. ಅದಕ್ಕೆ ಇದ್ದಲಿನ ಶೋಧಕವಿರುವ ಮುಖವಾಡವೇ ಬೇಕು. ಈ ಆವಿಗೆ ಬೆಂಕಿಯ ಕಿಡಿ ತಗಲಿದರೆ ಹತ್ತಿಕೊಳ್ಳುವುದು. ಆದ್ದರಿಂದ ಒಲೆಯೂ ದೀಪವೂ ಹತ್ತಿರ ಇರಕೂಡದು. ಇದಕ್ಕೂ ಘೋರವಾದುದು ಎರಡು ಡಬ್ಬಿಗಳನ್ನು ಬೆರಸಿ ಗಟ್ಟಿಗೊಳಿಸುವ ಬಗೆಯ ಬಣ್ಣ. ಅದರ ಗಟ್ಟಿಕಾರಕದಲ್ಲಿರುವ ಐಸೊಸಯನೇಟ್ ಎಂಬ ದ್ರವ್ಯವು ಗಟ್ಟಿಮುಟ್ಟಾದ ದೇಹಕ್ಕೂ ಗೂರಲನ್ನು ತಂದಿಡಬಲ್ಲುದು. ಅದನ್ನು ಶುದ್ಧವಾಯುವಿನ ನಳಿಗೆ ತೊಟ್ಟ ಕೆಲಸಗಾರರ ಕಾರ್ಖಾನೆಗೆ ಬಿಡತಕ್ಕದ್ದು. ಮನೆಯ ಹೊಸ್ತಿಲೊಳಗೆ ತರತಕ್ಕದ್ದಲ್ಲ.

ಇಷ್ಟು ಅನಾಹುತ ಮಾಡಿದ ಬಣ್ಣವಾದರೂ ನಿಂತಿತೆ? ಅದೂ ಇಲ್ಲ. ಹಲಗೆಗಳನ್ನು ಕೂಡಿಸಿದ ಹದಿನೈದು ದಿನಗಳೊಳಗೆ, ಉಗುರು ತಗಲಿದೆಡೆಯಲ್ಲೆಲ್ಲ ಅದು ಉಳ್ಳಾಗಡ್ಡಿಯ ಸಿಪ್ಪೆಯಂತೆ ಸುಲಿದು ಬಂದಿತು. 1937 ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸ್ಥಾಪಿಸಿದ ಮೈಸೂರಿನ ಅರಗು ಮತ್ತು ಬಣ್ಣದ ಕಾರ್ಖಾನೆಯಿಂದಲೇ 1962 ರ ಮಹಾಚುನಾವಣೆ ಮೊದಲ್ಗೊಂಡು ಮತದಾರರ ಬೆರಳಿಗೆ ಹಚ್ಚುವ ಮಸಿ ಬರುತ್ತಿದೆ. ಆ ಮಸಿಯನ್ನು ಎಷ್ಟು ಉಜ್ಜಿದರೂ ಹೋಗದು, ನಮ್ಮ ಬಣ್ಣವನ್ನು ಎಷ್ಟು ಬೇಡಿಕೊಂಡರೂ ನಿಲ್ಲದು.

ಬಳ್ಳಾರಿಯಲ್ಲಿ ಗಾಡಿಗಳಿಗೆ ಬಣ್ಣ ಹಚ್ಚುವ ಕಸಬು ಮಾಡುತ್ತಿರುವವನೊಬ್ಬನು ನಮ್ಮ ಹಳೆಯ ವಿದ್ಯಾರ್ಥಿ. ರಾಮಶಬ್ದದ ಏಳು ವಿಭಕ್ತಿಗಳನ್ನು ಕೊನೆಯವರೆಗೂ ಒಪ್ಪಿಸಲಾರದೆ ನಮ್ಮಿಂದ ಅನೇಕ ದಿನ ಬೆಂಚಿನ ಮೇಲೆ ನಿಂತವನು. ಆತನು ಬಂದು ಹಲಗೆಯ ಬೆನ್ನನ್ನು ತಿರುಗಿಸಿ, ಅಚ್ಚಿನಲ್ಲಿಯೇ ಮೂಡಿದ್ದ ಸಣ್ಣ ಅಕ್ಷರಗಳನ್ನು ತೋರಿಸಿ, “ಸ್ವಾಮೀ, ಓದಿದಿರಾ?” ಎಂದನು. ಜೀವಮಾನವೆಲ್ಲ ಓದಿಸಿದ ನಾವು ಅದನ್ನು ಓದಿರಲಿಲ್ಲ. ಪಿ ಪಿ ಎಂದಿತ್ತು, ಅರ್ಥಾತ್ ಪಾಲಿಪ್ರೊಪಿಲೀನ್. 1954 ರಲ್ಲಿ ಇಟಲಿಯ ನಟ್ಟಾ ಎಂಬ ರಸಾಯನಶಾಸ್ತ್ರಜ್ಞನು ಸಿದ್ಧಪಡಿಸಿದ ಈ ದ್ರವ್ಯವು ಹಗುರ, ಅಗ್ಗ, ಗಟ್ಟಿ; ಆದರೆ ಯಾವ ಬಣ್ಣವನ್ನೂ ಯಾವ ಅಂಟನ್ನೂ ತನ್ನ ಮೈಮೇಲೆ ಸುಲಭವಾಗಿ ನಿಲ್ಲಗೊಡದು. ಎಬಿಎಸ್ ಎಂಬ ಅಕ್ಷರಗಳಿರುವ ಹಲಗೆಯಾದರೆ ಅಷ್ಟು ಹಟಮಾರಿಯಲ್ಲ, ಉಜ್ಜಿ ತೊಳೆದರೆ ಬಣ್ಣ ಹಿಡಿಯುವುದು. ಬೆಂಗಳೂರಿನಲ್ಲಿ ತಯಾರಾಗುತ್ತಿದ್ದ ರೇವಾ ಎಂಬ ವಿದ್ಯುತ್ ಕಾರಿನ ಹೊರಮೈಯನ್ನೇ ಈ ಎಬಿಎಸ್ಸಿನಿಂದ ಮಾಡಿ, ಬಣ್ಣವನ್ನು ಮೇಲೆ ಬಳಿಯದೆ ದ್ರವ್ಯದೊಳಗೇ ಬೆರಸುತ್ತಿದ್ದರು. ಗೀರಿದರೂ ಒಳಗಿನಿಂದ ಅದೇ ಬಣ್ಣ ಕಾಣುವ ಜಾಣತನ!

ಸಂಸ್ಕೃತದಲ್ಲಿ ಸ್ನೇಹವೆಂಬ ಶಬ್ದಕ್ಕೆ ಎಣ್ಣೆಯ ಜಿಡ್ಡೆಂಬ ಅರ್ಥವೂ ಉಂಟು, ಅಂಟಿಕೊಳ್ಳುವ ಪ್ರೀತಿಯೆಂಬ ಅರ್ಥವೂ ಉಂಟು. ಬಣ್ಣದ ಕೆಲಸದಲ್ಲಿ ಮಾತ್ರ ಒಂದು ಸ್ನೇಹವಿದ್ದಲ್ಲಿ ಇನ್ನೊಂದು ಸ್ನೇಹವಿಲ್ಲ. ನಮ್ಮ ಹಲಗೆಗಳಿಗೆ ವರ್ಷಾನುಗಟ್ಟಲೆ ಹೊಳಪಿನ ಎಣ್ಣೆ ತಿಕ್ಕಿದ್ದೆವು. ಅದರಲ್ಲಿರುವ ಸಿಲಿಕೋನು ಎಳ್ಳಷ್ಟು ಉಳಿದರೂ ಬಣ್ಣವು ಅಲ್ಲಲ್ಲಿ ಸರಿದು ಮೀನಿನ ಕಣ್ಣಿನಂಥ ಗುಳಿಗಳಾಗುವುವು.

ಶಿಷ್ಯನ ಮಾತನ್ನು ಕೇಳುತ್ತಿರುವಾಗ ನಮಗೆ ಮಾನಸೋಲ್ಲಾಸದ ನೆನಪಾಯಿತು. ನಮ್ಮ ಈ ಸೀಮೆಯನ್ನೂ ಆಳಿದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12 ನೆಯ ಶತಮಾನದಲ್ಲಿ ರಚಿಸಿದ ಆ ಗ್ರಂಥದಲ್ಲಿ ಚಿತ್ರ ಬರೆಯುವುದಕ್ಕೆ ಮುಂಚೆ ಗೋಡೆಯನ್ನು ಹದಗೊಳಿಸುವ ಕ್ರಮವಿದೆ. ಎಮ್ಮೆಯ ತೊಗಲನ್ನು ಬೆಣ್ಣೆಯಂತಾಗುವವರೆಗೆ ಬೇಯಿಸಿ, ಕಡ್ಡಿಗಳಾಗಿ ಒಣಗಿಸಿ, ಬೇಕಾದಾಗ ನೀರಿನಲ್ಲಿ ಕಾಯಿಸಿದರೆ ವಜ್ರಲೇಪವೆಂಬ ಅಂಟು. ಅದನ್ನು ಬಿಳಿಯ ಮಣ್ಣಿನೊಡನೆ ಕಲಸಿ, ಒಂದು ಒಣಗಿದ ಮೇಲೊಂದರಂತೆ ಮೂರು ಸಲ ಗೋಡೆಗೆ ಲೇಪಿಸತಕ್ಕದ್ದು. ಬಣ್ಣದ ಮಾತು ಆಮೇಲೆ. ಈ ಪ್ರಕರಣವನ್ನು ನಾವು ಓದಿ ಅರ್ಥ ಮಾಡಿಕೊಂಡವರು. ಆದರೂ ನೇರವಾಗಿ ಬಣ್ಣಕ್ಕೆ ಕೈಯಿಕ್ಕಿದೆವು. ಗ್ರಂಥವನ್ನು ಕಾಣದ ಶಿಷ್ಯನು ಅದರಂತೆಯೇ ನಡೆಯುತ್ತಿದ್ದನು.

ಎರಡನೆಯ ಪ್ರಯತ್ನ ಮಾಘದಲ್ಲಿ, ಸುಂಕೆಲ್ಲ ಅಡಗಿದ ಮೇಲೆ, ಊರ ಹೊರಗಿನ ಬರಿದಾದ ಕಣದಲ್ಲಿ. ಮೊದಲು ಕಳಚುವ ಕ್ರಮವನ್ನು ಹೇಳಬೇಕು. ಬಾಗಿಲಿನ ಹಿಡಿಯ ಕುಳಿಯಲ್ಲಿಯೂ ಮೊಣಕೈ ಊರುವ ಕಡೆಯಲ್ಲಿಯೂ ಸಣ್ಣ ಮುಚ್ಚಳಗಳ ಕೆಳಗೆ ತಿರುಪುಗಳು ಅಡಗಿರುವುವು. ಅವನ್ನು ಬಿಚ್ಚದೆ ಎಳೆದವನು ಹಲಗೆಯನ್ನು ಒಡೆಯುವನು. ತಿರುಪು ಬಿಚ್ಚಿದ ತರುವಾಯ ಅಂಚಿನ ಗುಂಟ ಇರುವ ಕೊಕ್ಕೆಗಳನ್ನು ಒಂದೊಂದಾಗಿ ಮೀಟಬೇಕು. ಕಬ್ಬಿಣದ ಉಳಿ ಕೂಡದು, ಅದು ಹೊಸ ಗೀರನ್ನು ಮಾಡುವುದು. ಬಿದಿರಿನ ಚಪ್ಪಟೆ ಕಡ್ಡಿಯೇ ಸಾಕು. ಚಳಿಯಲ್ಲಿ ಈ ಕೊಕ್ಕೆಗಳು ಬೇಗ ಮುರಿಯುವುದರಿಂದ ಗಾಡಿಯನ್ನು ಸ್ವಲ್ಪ ಹೊತ್ತು ಬಿಸಿಲಿನಲ್ಲಿ ನಿಲ್ಲಿಸಿ ಆರಂಭಿಸುವುದು ಮೇಲು. ಹಲಗೆಯನ್ನು ಮೇಲಕ್ಕೆತ್ತಿ ಬಿಡಿಸಿ, ಹಿಂದಣ ವಿದ್ಯುತ್ತಂತಿಯನ್ನೂ ಅಗುಳಿಯ ಸರಿಗೆಯನ್ನೂ ಕಳಚಬೇಕು. ಒಳಗೆ ತಗಡಿಗೆ ಅಂಟಿಸಿದ ತೆಳ್ಳನೆಯ ಹಾಳೆಯೊಂದು ಕಾಣುವುದು. ಅದು ಕೆಲಸಕ್ಕೆ ಬಾರದ ವಸ್ತುವೆಂದು ಕಿತ್ತೆಸೆಯಬಾರದು. ಗಾಜಿನ ಸಂದಿಯಲ್ಲಿಳಿದ ಮಳೆಯ ನೀರು ಒಳಕ್ಕೆ ಬಾರದಂತೆ ತಡೆಯುವುದೇ ಅದು.

ಇನ್ನೊಂದು ಎಚ್ಚರ. ನಮ್ಮ ದೇಶದಲ್ಲಿ 2019 ರ ಜುಲೈ 1 ರಿಂದ ಹೊಸ ಕಾರುಗಳಲ್ಲಿ ಚಾಲಕನ ಮುಂದೆ ಗಾಳಿಚೀಲವಿರುವುದು ಕಡ್ಡಾಯವಾಗಿದೆ. ನಮ್ಮ ಗಾಡಿ ಹಳೆಯದಾದರೂ ಅದರಲ್ಲಿಯೂ ಒಂದಿದೆ. ಚಕ್ರದ ನಡುವಣ ಆ ಮುಚ್ಚಳದ ಮೇಲೂ ಒಂದು ಗೀರಿತ್ತು. ನಮ್ಮ ಕೈ ಅಲ್ಲಿಗೂ ಹೋಯಿತು. ಶಿಷ್ಯನು ತಡೆದನು. ಅಪಘಾತವಾದ ಕ್ಷಣದಲ್ಲಿ ಗೊತ್ತಾದ ಗೆರೆಯಲ್ಲಿ ಸೀಳಿಕೊಳ್ಳುವಂತೆ ಆ ಮುಚ್ಚಳವನ್ನು ಒಳಗಡೆ ತೆಳ್ಳಗೆ ಮಾಡಿರುವರು. ಮೇಲೆ ಬಣ್ಣದ ಪದರ ಕೂಡಿದರೆ ಸೀಳುವಿಕೆ ಕೆಡಬಹುದು, ಇಲ್ಲವೆ ಬಣ್ಣದ ಚೂರು ಮುಖಕ್ಕೆ ಸಿಡಿಯಬಹುದು. ಗಾಳಿಚೀಲದ ಗುರುತಿರುವ ಯಾವ ಭಾಗವನ್ನೂ ಬಣ್ಣಕ್ಕಾಗಿ ಮುಟ್ಟತಕ್ಕದ್ದಲ್ಲ. ಅದರ ಸಮೀಪದಲ್ಲಿ ಬೇರೇನು ಬಿಚ್ಚಬೇಕಾದರೂ ಬ್ಯಾಟರಿಯ ಋಣತಂತಿಯನ್ನು ಕಳಚಿ, ಹಲವು ನಿಮಿಷ ಕಾದು, ಬಲ್ಲವರ ಕೈಯಲ್ಲಿಯೇ ಬಿಚ್ಚಿಸತಕ್ಕದ್ದು. ಆ ಗೀರು ಈಗಲೂ ಹಾಗೆಯೇ ಇದೆ.

ಬಣ್ಣದ ಕೆಲಸದಲ್ಲಿ ಮುಕ್ಕಾಲು ಪಾಲು ಬಣ್ಣವಿಲ್ಲದ ಕೆಲಸ. ಸುಲಿದ ಹಳೆಯ ಬಣ್ಣವನ್ನೆಲ್ಲ ತೆಗೆದು, ಸೋಪಿನ ನೀರಿನಿಂದ ಎರಡು ಸಲ ತೊಳೆದೆವು. ಅಂಟಂಟಾಗಿದ್ದ ಮೃದುಲೇಪವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ತಿಕ್ಕಿ ತಿಕ್ಕಿ ತೆಗೆಯಲು ಒಂದು ಮಧ್ಯಾಹ್ನವೇ ಬೇಕಾಯಿತು. ಅನಂತರ 400 ನೆಯ ನಂಬರಿನ ಮರಳುಕಾಗದ, ಅದರ ಮೇಲೆ 800 ನೆಯದು, ನೀರಿನೊಡನೆ. ಚರ್ಮದಂತೆ ಸುಕ್ಕು ಅಚ್ಚೊತ್ತಿರುವ ಹಲಗೆಯನ್ನು ಬಹಳ ಉಜ್ಜಿದರೆ ಆ ಸುಕ್ಕೇ ಅಳಿಸಿಹೋಗಿ ಬೋಳಾಗುವುದರಿಂದ, ಅಲ್ಲಿ ಗೀರಿನ ಎದ್ದ ಅಂಚನ್ನು ಮಾತ್ರ ಕೂಡಿಸಿದೆವು. ಮತ್ತೆ ಆಲ್ಕೊಹಾಲಿನಿಂದ ಒರಸಿದ ಮೇಲೆ ಬರಿಗೈಯಿಂದ ಮುಟ್ಟಲಿಲ್ಲ. ಪಾಲಿಪ್ರೊಪಿಲೀನಿಗೆಂದೇ ಮಾರುವ ಹಿಡಿತದ ದ್ರವವೊಂದಿದೆ. ಅದೇ ಇಂದಿನ ವಜ್ರಲೇಪ. ಅದನ್ನು ತೆಳ್ಳಗೆ ಸಿಂಪಡಿಸಿ, ಅದರ ಮೇಲೆ ಬಣ್ಣವನ್ನು ಒಂದು ಗೇಣಿಗಿಂತ ಸ್ವಲ್ಪ ದೂರದಿಂದ, ಕೈಯನ್ನು ನಿಲ್ಲಿಸದೆ, ಹದಿನೈದು ನಿಮಿಷಗಳ ಅಂತರದಲ್ಲಿ ಮೂರು ಸಲ, ಕೊನೆಗೆ ಹೊಳಪಿಲ್ಲದ ಕಾಪಿನ ಪದರ. ಹೊಳಪಿನದು ಬಿಸಿಲಿಗೆ ಗಾಜಿನಲ್ಲಿ ಪ್ರತಿಫಲಿಸಿ ನಡೆಸುವವರ ಕಣ್ಣು ಕುಕ್ಕುವುದು. ಇಷ್ಟೆಲ್ಲವನ್ನೂ ಶಿಷ್ಯನು ಇದ್ದಲಿನ ಮುಖವಾಡ ತೊಟ್ಟು, ಗಾಳಿ ಏಳುವ ಮುಂಚಿನ ಮುಂಜಾನೆಯಲ್ಲಿ ಮಾಡಿದನು. ನಾವು ದೂರದಲ್ಲಿ, ಗಾಳಿಯ ಮೇಲ್ಗಡೆ, ಕುಳಿತಿದ್ದೆವು.

ಒಣಗಿದ ಹಲಗೆಗಳನ್ನು ಮನೆಗೆ ತರಲಿಲ್ಲ. ತೋಟದ ಪಂಪುಮನೆಯಲ್ಲಿ ಎರಡು ವಾರ ಇಟ್ಟೆವು. ಮೇಲೆ ಮುಟ್ಟಿದರೆ ಒಣಗಿದಂತಿದ್ದರೂ ಒಳಗಣ ಆವಿ ಬೇಗ ಬಿಡುವುದಿಲ್ಲ. ಬಳ್ಳಾರಿಯ ಬಿಸಿಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ಗಾಡಿಯೊಳಗೆ ಅದು ಮತ್ತೆ ಹೊರಡುವುದು. ಕೂಡಿಸುವುದಕ್ಕೆ ಮುಂಚೆ ಹಲಗೆಯ ಮರೆಯಾದ ಅಂಚಿನಲ್ಲಿ ಅಲಗಿನಿಂದ ಅಡ್ಡಡ್ಡ ಉದ್ದುದ್ದ ಸಣ್ಣ ಗೆರೆಗಳನ್ನೆಳೆದು, ಅಂಟುಪಟ್ಟಿಯನ್ನು ಒತ್ತಿ, ಒಮ್ಮೆಲೇ ಕಿತ್ತು ನೋಡಿದೆವು. ಪಟ್ಟಿಗೆ ಒಂದು ಚೂರು ಬಣ್ಣವೂ ಬರಲಿಲ್ಲ. ಶಿಷ್ಯನು ಏನೂ ಹೇಳದೆ ನಮ್ಮ ಮುಖ ನೋಡಿದನು. ಅಂದಿನ ಬೆಂಚಿನ ಮಾತನ್ನು ಎತ್ತಬೇಕೆಂದು ನಮ್ಮ ಬಾಯಿಗೆ ಬಂದಿತ್ತು. ಎತ್ತಿದೆವು. “ಅದೆಲ್ಲ ಮರೆತು ಬಹಳ ದಿನವಾಯಿತು, ಸ್ವಾಮೀ” ಎಂದನು, ಮರೆತಂತೆ ಕಾಣಲಿಲ್ಲ.

ಗಾಡಿಯನ್ನು ಕೂಡಿಸಿ, ಗಾಜುಗಳನ್ನಿಳಿಸಿ, ಮೊದಲ ಮೂರು ದಿನ ಮಗುವನ್ನು ಬಿಟ್ಟು ಓಡಾಡಿದೆವು. ನಾಲ್ಕನೆಯ ದಿನ ಆತನು ತಾನಾಗಿ ಹತ್ತಿ ಕುಳಿತು, ಹಲಗೆಯನ್ನು ಮೂಸಿ ನೋಡಿ, “ತಾತ, ವಾಸನೆಯಿಲ್ಲ” ಎಂದನು. ಸೊಸೆಯು ಗಾಡಿಯನ್ನು ಸಿರಿಗೇರಿಯ ಅಡ್ಡರಸ್ತೆಯವರೆಗೆ ನಡೆಸಿಕೊಂಡು ಹೋಗಿ ಮರಳಿದಳು. ಎಡಬಾಗಿಲಿನಲ್ಲಿ ಗುಂಡಿ ಬಂದಲ್ಲೆಲ್ಲ ಏನೋ ಟಕಟಕವೆನ್ನುವುದಂತೆ. ಇರಬಹುದು, ಏಕೆಂದರೆ ಕೆಲಸವೆಲ್ಲ ಮುಗಿದ ಮೇಲೆ ಒಂದು ತಿರುಪು ನಮ್ಮಲ್ಲಿ ಉಳಿದಿದೆ. ಅದನ್ನು ಲೇಖನಿಯ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೇವೆ. ಬರುವ ಅಮಾವಾಸ್ಯೆಗೆ ಅಂಗಡಿ ಮುಚ್ಚಿಕೊಂಡು ಬರುತ್ತೇನೆಂದು ಶಿಷ್ಯನು ಹೇಳಿಕಳುಹಿಸಿದ್ದಾನೆ.