ಗಲ್ಲಾಪೆಟ್ಟಿಗೆಯ ಬೀಜಗಣಿತ

‘ಮೇಷ್ಟ್ರೇ, ಇವನಿಗೆ ಲೆಕ್ಕ ತಲೆಗೇ ಹತ್ತೋದಿಲ್ಲ. ಶಾಲೆ ಬಿಡಿಸಿ ಅಂಗಡೀಲಿ ಕೂರಿಸಿಬಿಡ್ತೀನಿ’ ಎಂದು ದಿನಸಿ ಅಂಗಡಿಯ ಯಜಮಾನರೊಬ್ಬರು ಎಂಟನೇ ತರಗತಿಯ ಮಗನನ್ನು ತಂದು ನನ್ನ ಮುಂದೆ ನಿಲ್ಲಿಸಿದರು. ನನಗೆ ಆಶ್ಚರ್ಯ. ಏಕೆಂದರೆ ಸಂಜೆ ಗಲ್ಲಾದಲ್ಲಿ ಕುಳಿತು ಚಿಲ್ಲರೆ ಕೊಡುವಾಗ ಈ ಹುಡುಗ ಒಂದು ರೂಪಾಯಿಯೂ ತಪ್ಪುವವನಲ್ಲ.

ಪರೀಕ್ಷೆಯಲ್ಲಿ ಕೇಳಿದ್ದ ಲೆಕ್ಕ ಇದು: ಪೆಟ್ಟಿಗೆಯಲ್ಲಿ 2 ರೂ. ಮತ್ತು 5 ರೂ. ನಾಣ್ಯಗಳು ಸೇರಿ 50 ಇವೆ. ಒಟ್ಟು ಹಣ 154 ರೂ. ಯಾವುದು ಎಷ್ಟಿವೆ?

ಹುಡುಗ 2 ರೂ. ನಾಣ್ಯಗಳು ‘ಕ್ಷ’ ಎಂದಿದ್ದ. ಹಾಗಾದರೆ 5 ರೂ. ನಾಣ್ಯಗಳು 50 – ಕ್ಷ. ಇಲ್ಲಿಯವರೆಗೆ ಸರಿ. ಮುಂದೆ ಬರೆದದ್ದು: ಕ್ಷ + (50 – ಕ್ಷ) = 154. ಬಿಡಿಸಿದರೆ ಕ್ಷ ಮಾಯ, ಉಳಿದದ್ದು 50 = 154! ಗಾಬರಿಯಾಗಿ ಎಲ್ಲವನ್ನೂ ಹೊಡೆದುಹಾಕಿದ್ದ.

‘ಐದು ರೂಪಾಯಿಯ ಮೂರು ನಾಣ್ಯ ಗಲ್ಲಾಕ್ಕೆ ಹಾಕಿದರೆ ಎಷ್ಟಾಯಿತು?’ ಎಂದೆ.

‘ಹದಿನೈದು ಸಾರ್.’

‘ಮೂರು ಅಂತ ಯಾಕೆ ಹೇಳಲಿಲ್ಲ?’

ಹುಡುಗ ನಕ್ಕುಬಿಟ್ಟ. ತಪ್ಪು ಅವನಿಗೇ ಕಂಡಿತ್ತು. ಎಡಗಡೆ ನಾಣ್ಯಗಳ ಎಣಿಕೆ, ಬಲಗಡೆ ರೂಪಾಯಿ. ಇವೆರಡೂ ಸಮವಾಗುವುದು ಹೇಗೆ? ಎಣಿಕೆಯನ್ನು ಬೆಲೆಯಿಂದ ಗುಣಿಸಿದರೆ ತಾನೇ ಹಣ!

2ಕ್ಷ + 5(50 – ಕ್ಷ) = 154
250 – 3ಕ್ಷ = 154
3ಕ್ಷ = 96, ಕ್ಷ = 32

2 ರೂ. ನಾಣ್ಯಗಳು 32, 5 ರೂ. ನಾಣ್ಯಗಳು 18. ತಾಳೆ ನೋಡಿ: 64 + 90 = 154.

ಬೀಜಗಣಿತ ಮರೆತಿರುವ ತಂದೆತಾಯಿಗಳು ಹೀಗೂ ಹೇಳಿಕೊಡಬಹುದು. ಐವತ್ತೂ 2 ರೂಪಾಯಿಯವೇ ಎಂದುಕೊಳ್ಳಿ. ಆಗ 100 ರೂ. ಕೊರತೆ 54. ಒಂದು ಎರಡನ್ನು ತೆಗೆದು ಐದನ್ನಿಟ್ಟರೆ 3 ರೂ. ಹೆಚ್ಚುತ್ತದೆ. 54ನ್ನು 3ರಿಂದ ಭಾಗಿಸಿದರೆ 18. ಅದೇ ಉತ್ತರ. ಆದರೆ ಮೂರು ಬಗೆಯ ನಾಣ್ಯ ಬಂದರೆ ಈ ದಾರಿ ತೊಡಕು, ಸಮೀಕರಣವೇ ವಾಸಿ.

‘ಕ್ಷ’ ಎಂದರೆ ನಾಣ್ಯ ಎಂದು ಹಲವು ಮಕ್ಕಳು ತಿಳಿಯುತ್ತಾರೆ. ಅಲ್ಲ, ಅದು ‘ಎಷ್ಟು’ ಎಂಬ ಸಂಖ್ಯೆ. ಹನ್ನೆರಡನೇ ಶತಮಾನದ ಭಾಸ್ಕರಾಚಾರ್ಯರು ತಮ್ಮ ‘ಬೀಜಗಣಿತ’ದಲ್ಲಿ ಅವ್ಯಕ್ತವನ್ನು ‘ಯಾವತ್ತಾವತ್’ ಎನ್ನುತ್ತಾರೆ. ಎಷ್ಟೋ ಅಷ್ಟು ಎಂದರ್ಥ. ನಮ್ಮ ‘ಕ್ಷ’ಗಿಂತ ಆ ಹೆಸರೇ ಮಕ್ಕಳಿಗೆ ಒಳ್ಳೆಯದಿತ್ತೇನೋ!

ವಾರ ಕಳೆದ ಮೇಲೆ ಯಜಮಾನರು ಮತ್ತೆ ಸಿಕ್ಕರು. ಮಗನನ್ನು ಪರೀಕ್ಷಿಸಲೆಂದು ಗಲ್ಲಾದ ಚಿಲ್ಲರೆ ಎಣಿಸಿ, ‘ಎರಡು, ಐದರ ನಾಣ್ಯ ಸೇರಿ ಐವತ್ತು, ಒಟ್ಟು 156 ರೂಪಾಯಿ. ಹೇಳು ನೋಡೋಣ’ ಎಂದಿದ್ದರಂತೆ. ಹುಡುಗ ಚೀಟಿಯ ಮೇಲೆ 3ಕ್ಷ = 94 ಎಂದು ಬರೆದು ತಲೆಯೆತ್ತಿದ. ‘ಆಗೋದಿಲ್ಲ ಅಪ್ಪ, 94 ಮೂರರಿಂದ ಹೋಗಲ್ಲ. ನಿಮ್ಮ ಎಣಿಕೇಲೇ ಏನೋ ತಪ್ಪಿದೆ.’

ಯಜಮಾನರು ಗದರಿದರೂ ಪೆಟ್ಟಿಗೆ ಸುರಿದು ನೋಡಿದ್ದಾರೆ. ಎರಡರವು 30, ಐದರವು 19. ಜೊತೆಗೆ ಒಂದು ರೂಪಾಯಿಯ ಒಂಟಿ ನಾಣ್ಯ! ಹಣ ಕೂಡುವಾಗ ಅದನ್ನೂ ಸೇರಿಸಿ, ಮಗನಿಗೆ ಹೇಳುವಾಗ ಮರೆತಿದ್ದರು.

ಶಾಲೆ ಬಿಡಿಸುವ ಮಾತು ಈ ಸಲ ಬರಲಿಲ್ಲ.