ಮನದ ಬೇನೆಗೆ ದೂರವಾಣಿಯ ನೆರವು: ಗ್ರಾಮದ ಹಿರಿಯರ ಕರ್ತವ್ಯ

ಬೆಳೆಗೆ ರೋಗ ತಗಲಿದರೆ ಅದನ್ನು ನಾಲ್ವರ ಮುಂದೆ ಹೇಳಲು ಒಕ್ಕಲಿಗನು ನಾಚುವುದಿಲ್ಲ. ಹತ್ತಿಯ ಎಲೆ ಕೆಂಪಾದೊಡನೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗುವನು. ಇಲ್ಲವೆ 2004ರಲ್ಲಿ ಆರಂಭವಾದ ಕಿಸಾನ್ ಕಾಲ್ ಸೆಂಟರಿಗೆ ದೂರವಾಣಿ ಮಾಡಿ ವಿಚಾರಿಸುವನು. ಆದರೆ ಅವನ ಮನಸ್ಸಿಗೇ ಬೇನೆ ತಗಲಿದರೆ ಮನೆಯವರಿಂದಲೂ ಮುಚ್ಚಿಡುವನು. ಈ ಮುಚ್ಚುಮರೆಯು ಬೆಳೆಹಾನಿಗಿಂತಲೂ ಘೋರವಾದುದು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಒಕ್ಕಲುತನವು ಮಳೆಯನ್ನೂ ಮಲಪ್ರಭೆಯನ್ನೂ ನಂಬಿದುದು. 2019ರ ಆಗಸ್ಟಿನಲ್ಲಿ ಹೊಳೆಯು ಉಕ್ಕಿ ಹರಿಯಿತು; 2023ರಲ್ಲಿ ಮಳೆಯಿಲ್ಲದೆ ರಾಜ್ಯದ ಬಹುಭಾಗಕ್ಕೆ ಬರ ಬಂದಿತು. ಇಂಥ ಪೆಟ್ಟುಗಳ ತರುವಾಯ ಸಾಲದ ಚಿಂತೆಯು ಎಲ್ಲರಿಗೂ ಸಹಜ. ಆದರೆ ಎರಡು ವಾರಕ್ಕೂ ಮೀರಿ ನಿದ್ರೆ, ಊಟ ಕೆಟ್ಟು, ಕೆಲಸದಲ್ಲಿ ಆಸಕ್ತಿ ಬತ್ತಿ, ‘ನನ್ನಿಂದೇನೂ ಆಗದು’ ಎಂಬ ಭಾವವು ಬಿಡದೆ ಕಾಡಿದರೆ ಅದನ್ನು ಖಿನ್ನತೆಯೆಂದು ಶಂಕಿಸಬೇಕು. ಇದು ಮೈಗಳ್ಳತನವಲ್ಲ, ದೇವರ ಮುನಿಸೂ ಅಲ್ಲ. ಚಿಕಿತ್ಸೆಗೆ ಬಗ್ಗುವ ಬೇನೆ.

ಈ ಬೇನೆಗೆ ದೂರವಾಣಿಯು ಎರಡು ಬಗೆಯಿಂದ ನೆರವಾಗುವುದು. ಮೊದಲನೆಯದು, 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರವು ಆರಂಭಿಸಿದ ‘ಟೆಲಿ ಮಾನಸ್’ ಸೇವೆ. 14416ಕ್ಕೆ ಹಗಲಿರುಳು ಖರ್ಚಿಲ್ಲದೆ ಕರೆಮಾಡಬಹುದು. ಕನ್ನಡದಲ್ಲಿಯೇ ತರಬೇತಿ ಹೊಂದಿದವರೊಡನೆ ಮಾತಾಡಬಹುದು. ಎರಡನೆಯದು, ಯಂತ್ರವೇ ನಡೆಯಿಸುವ ಕಾರ್ಯಕ್ರಮ. ಇದರಲ್ಲಿ ಮುದ್ರಿತ ಧ್ವನಿಯು ಪ್ರಶ್ನೆ ಕೇಳುವುದು. ಗುಂಡಿಯನ್ನೊತ್ತಿ ಉತ್ತರ ಕೊಡಬೇಕು. ಉತ್ತರಕ್ಕೆ ತಕ್ಕಂತೆ ಒಂದಿಷ್ಟು ನಡೆಯಲು, ಬಂಧುವನ್ನು ಕಾಣಲು, ನಿಂತುಹೋದ ಒಂದು ಸಣ್ಣ ಕೆಲಸವನ್ನು ಮತ್ತೆ ಹಿಡಿಯಲು ಸೂಚಿಸಿ, ಕೆಲ ದಿನಗಳ ಮೇಲೆ ಪುನಃ ವಿಚಾರಿಸುವುದು. ಕೆಲಸ ಬಿಟ್ಟಷ್ಟೂ ಬೇಸರ ಬೆಳೆಯುವುದು, ಕೆಲಸ ಹಿಡಿದಷ್ಟೂ ಮನಸ್ಸು ಚೇತರಿಸುವುದು ಎಂಬುದೇ ಇದರ ತತ್ತ್ವ. ಓದು ಬಾರದವರಿಗೂ ಇದು ಸಾಧ್ಯ. ಯಂತ್ರವು ಚಾವಡಿಯಲ್ಲಿ ಚಾಡಿ ಹೇಳದು.

ಆದರೂ ಯಂತ್ರದ ಮೇಲೆಯೇ ಭಾರ ಹಾಕುವುದು ತರವಲ್ಲ. ಇಂಥ ಕಾರ್ಯಕ್ರಮಗಳಿಂದ ಸೌಮ್ಯ ಖಿನ್ನತೆಯು ಕೊಂಚ ತಗ್ಗುವುದೆಂದು ಅನೇಕ ದೇಶಗಳ ಪರೀಕ್ಷೆಗಳಿಂದ ಕಂಡುಬಂದಿದೆ. ಅನೇಕರು ಅರ್ಧಕ್ಕೇ ಬಿಡುವರೆಂಬುದೂ, ನಡುನಡುವೆ ಮನುಷ್ಯರು ವಿಚಾರಿಸುತ್ತಿದ್ದರೆ ಗುಣವು ಹೆಚ್ಚೆಂಬುದೂ ಕಂಡಿದೆ. ಕೂರಿಗೆಯು ಎಷ್ಟು ಒಳ್ಳೆಯದಿದ್ದರೂ ಹಿಂದೆ ನಡೆಯುವವನಿಲ್ಲದೆ ಬಿತ್ತಿಗೆಯಾಗದು. ‘ಬದುಕು ಬೇಡ’ ಎಂದು ನುಡಿದವನನ್ನಂತೂ ಯಂತ್ರಕ್ಕೆ ಒಪ್ಪಿಸಲೇಬಾರದು. ಅವನನ್ನು ಒಂಟಿಯಾಗಿ ಬಿಡದೆ, 14416ಕ್ಕೆ ತಿಳಿಸಿ, ತಾಲೂಕಿನ ಆಸ್ಪತ್ರೆಗೋ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಗೋ ಕೂಡಲೆ ಕರೆದೊಯ್ಯಬೇಕು. ಪೋಲೀಸರ ಭಯದಿಂದ ತಡಮಾಡಬಾರದು. ಪ್ರಾಣ ಕಳೆದುಕೊಳ್ಳಲು ಯತ್ನಿಸಿದವನನ್ನು ತೀವ್ರ ಒತ್ತಡಕ್ಕೊಳಗಾದವನೆಂದು ಭಾವಿಸಿ ಆರೈಕೆ ಮಾಡತಕ್ಕದ್ದೆಂದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯೇ ವಿಧಿಸಿದೆ.

ಗ್ರಾಮದ ಮುಖಂಡರೂ ಜಮೀನುದಾರರೂ ಮಾಡತಕ್ಕ ಕಾರ್ಯವು ಹೆಚ್ಚು ಖರ್ಚಿನದಲ್ಲ. ಪಂಚಾಯತಿ, ಸೊಸಾಯಿಟಿ, ಹಾಲಿನ ಡೇರಿಗಳ ಗೋಡೆಯ ಮೇಲೆ 14416ನ್ನು ದೊಡ್ಡಕ್ಷರದಲ್ಲಿ ಬರೆಯಿಸಬೇಕು. ಹೆಣ್ಣುಮಕ್ಕಳಿಗೂ ದೂರವಾಣಿಯು ಕೈಗೆ ಸಿಕ್ಕಿ, ಮರೆಯಲ್ಲಿ ಮಾತಾಡಲು ಎಡೆಯಿರಬೇಕು. ಕ್ರಿಮಿನಾಶಕವನ್ನು ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿ, ಮನೆಯಲ್ಲಿ ನೊಂದವರಿದ್ದರೆ ಕೀಲಿಕೈಯನ್ನು ಬೇರೊಬ್ಬರ ವಶಕ್ಕೆ ಕೊಡಬೇಕು. ಬೆಳೆ ಕೆಟ್ಟ ಹಂಗಾಮಿನಲ್ಲಿ ಲಾವಣಿ ರೈತನ ಬಾಕಿಯನ್ನು ಹತ್ತು ಜನರೆದುರು ಕೇಳಿ ಮಾನ ಕಳೆಯಬಾರದು. ನೊಂದವನನ್ನು ‘ಹುಚ್ಚ’ನೆನ್ನುವ ರೂಢಿಯನ್ನು ಹಿರಿಯರೇ ಮೊದಲು ಬಿಡಬೇಕು.

ಹೊಲಕ್ಕೆ ಹೊಸ ತಳಿಯನ್ನು ಊರ ದೊಡ್ಡವರು ಮೊದಲು ಬಿತ್ತಿದರೆ ಉಳಿದವರು ನಂಬಿ ಬಿತ್ತುವರು. ಅದೇ ಪ್ರಕಾರ ದೊಡ್ಡ ಮನೆತನದವರು ತಮ್ಮ ಮನೆಯ ಬೇನೆಗೂ ಸಂಕೋಚವಿಲ್ಲದೆ ಈ ನೆರವನ್ನು ಪಡೆದರೆ ಬಡ ಒಕ್ಕಲಿಗನ ನಾಚಿಕೆಯೂ ಕಳೆಯುವುದು. ಹೋದ ಬೆಳೆಯು ಮುಂದಿನ ಮುಂಗಾರಿಗೆ ಮರಳಿ ಬಂದೀತು, ಹೋದ ಒಕ್ಕಲಿಗನು ಮರಳಿ ಬಾರನು.